ಕಾರಿಡಾರಿನಲ್ಲಿ ಆಡುವ ಮಾತು

ಪರದೆಯ ಮೇಲೆ ನಾಯಕಿ ಕೆಮ್ಮಿದಳು. ಕರವಸ್ತ್ರವನ್ನು ಬಾಯಿಗೊತ್ತಿಕೊಂಡು, ತೆಗೆದು ನೋಡಿದಳು. ಕೆಂಪು ಕಲೆ. ಅಷ್ಟರಲ್ಲಿ ಬಾಗಿಲ ಹತ್ತಿರ ನಾಯಕನ ಬೂಟಿನ ಸದ್ದು. ಕರವಸ್ತ್ರ ದಿಂಬಿನಡಿ ಹೋಯಿತು, ಮುಖಕ್ಕೆ ನಗು ಬಂತು, ನಾಯಕ ಬಂದು ಕೈಹಿಡಿದ, ಎಲ್ಲಿಂದಲೋ ಪಿಟೀಲು ಶುರುವಾಯಿತು.

ಮೇಡಂ ಅಲ್ಲಿಗೆ ನಿಲ್ಲಿಸಿದರು. ತರಗತಿ ಗೊಳ್ಳೆಂದಿತು.

ಅದು ಸಂಜೆ ಕಾಲೇಜು. ಹಗಲೆಲ್ಲ ದುಡಿದು ಬಂದವರು ಕೂರುವ ಕೋಣೆ. ಬಸ್ ಕಂಡಕ್ಟರ್ ಒಬ್ಬರು, ಬ್ಯೂಟಿ ಪಾರ್ಲರಿನ ವಾರಗಿತ್ತಿಯರಿಬ್ಬರು, ಒಬ್ಬಳು ನರ್ಸು, ಇನ್ನೂ ಹತ್ತಾರು ಜನ. ಗಿರಾಕಿಗಳ ಜೊತೆ, ಮೇಲಿನವರ ಜೊತೆ, ಮನೆಯವರ ಜೊತೆ ಮಾತಾಡುವುದು ಹೇಗೆ ಎಂದು ಹೇಳಿಕೊಡುವ ಕೋರ್ಸು. ಸಿದ್ಧಾಂತಗಳನ್ನು ಪುಸ್ತಕ ಹಿಡಿದು ಓದಿಸಿದರೆ ಇವರೆಲ್ಲ ಕೂತಲ್ಲೇ ತೂಕಡಿಸುತ್ತಾರೆ ಎಂಬುದು ಮೇಡಂಗೆ ಮೊದಲ ವಾರವೇ ಗೊತ್ತಾಗಿತ್ತು. ಅಂದಿನಿಂದ ಒಂದೊಂದು ಸಿದ್ಧಾಂತಕ್ಕೂ ಒಂದೊಂದು ಸಿನಿಮಾ.

"ನಗಿ, ಪರವಾಗಿಲ್ಲ. ಚಿಕ್ಕವಳಿದ್ದಾಗ ನಾನು ಇದನ್ನ ನೋಡಿ ಗೋಳೋ ಅಂತ ಅತ್ತಿದ್ದೆ. ಈಗ ಹೇಳಿ, ಈ ಕರವಸ್ತ್ರದ ವಿಷಯ ಯಾರದು?"

"ಆಯಮ್ಮಂದೇ," ಅಂದರು ಕಂಡಕ್ಟರ್.

"ಸರಿ. ನಮ್ಮ ವಿಷಯ ನಮ್ಮ ಸ್ವತ್ತು. ಸುತ್ತ ಬೇಲಿ ಹಾಕ್ಕೊಂಡಿರ್ತೀವಿ. ಇನ್ನೊಬ್ಬರಿಗೆ ಹೇಳಿದ ತಕ್ಷಣ ಅವರನ್ನೂ ಬೇಲಿ ಒಳಗೆ ಕರ್ಕೊಂಡ ಹಾಗೆ. ಆಮೇಲೆ ಅವರೂ ಪಾಲುದಾರರು. ಇದನ್ನ ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು ಅನ್ನೋದನ್ನ ಇಬ್ಬರೂ ಕೂತು ಮಾತಾಡ್ಕೊಬೇಕು. ಮಾತಾಡ್ಕೊಳ್ಳಲಿಲ್ಲವೋ, ಗಲಾಟೆ ಗ್ಯಾರಂಟಿ. ಖಾಸಗಿ ವಿಷಯ ನಿರ್ವಹಣೆಯ ಸಿದ್ಧಾಂತ ಅಂತ ಇದರ ಹೆಸರು. ಹೆಸರು ಮರೆತರೂ ಚಿಂತೆಯಿಲ್ಲ, ಬೇಲಿ ನೆನಪಿಟ್ಕೊಳ್ಳಿ."

ಆಮೇಲೆ ಇನ್ನೊಂದು ಸಿನಿಮಾದ ತುಣುಕು ಹಾಕಿದರು. ನಾಯಕನಿಗೆ ಕೆಲಸ ಹೋಗಿದೆ. ಅವನ ದಡ್ಡ ಗೆಳೆಯ ನಾಯಕಿಯ ಮನೆಗೆ ಊಟಕ್ಕೆ ಹೋಗುತ್ತಾನೆ. ಎರಡನೇ ಸಲ ಬಡಿಸುವ ಹೊತ್ತಿಗೆ ಹೊಟ್ಟೆಯ ಜೊತೆ ಬಾಯಿಯೂ ಸಡಿಲವಾಗಿ, "ಪಾಪ, ಅವನಿಗೆ ಕೆಲಸ ಹೋದಾಗಿಂದ ಸರಿಯಾಗಿ ಊಟಾನೇ ಇಲ್ಲ," ಅಂದುಬಿಡುತ್ತಾನೆ. ನಾಯಕಿಯ ಅಪ್ಪನ ಕೈಯಿಂದ ಲೋಟ ಜಾರುತ್ತದೆ.

"ಈ ನನ್ಮಗನ ಬಾಯಿ ಹೊಲೀಬೇಕು," ಅಂದರು ಕಂಡಕ್ಟರ್.

"ನಾಯಕ ಅವನಿಗೆ ಹೇಳಿದ ಸೀನ್ ನೋಡೋಣ್ವಾ?" ಮೇಡಂ ಹಿಂದಕ್ಕೆ ಓಡಿಸಿದರು. ನಾಯಕ ಗೆಳೆಯನ ಹೆಗಲ ಮೇಲೆ ತಲೆಯಿಟ್ಟು ಎಲ್ಲವನ್ನೂ ಹೇಳಿಕೊಂಡು ಅತ್ತ. ಆದರೆ ಯಾರಿಗೂ ಹೇಳಬೇಡ ಎಂದು ಒಂದು ಮಾತೂ ಹೇಳಲಿಲ್ಲ. ತರಗತಿಯಲ್ಲಿ "ಅಯ್ಯೋ ಹೌದಲ್ಲ!" ಎಂಬ ಉದ್ಗಾರ ಎದ್ದಿತು.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಮರಿ ಎಂಬಾಕೆ ಆಗಿನಿಂದಲೂ ನಕ್ಕಿರಲಿಲ್ಲ. ಕೋರ್ಸು ಶುರುವಾದಾಗಿನಿಂದ ತುಟಿ ಪಿಟಕ್ಕೆನ್ನದವಳು ಅಂದು ಕೈಯೆತ್ತಿದಳು.

"ಮೇಡಂ, ವಿಷಯ ಒಬ್ಬರದು. ಯಾರಿಗೂ ಹೇಳಬಾರದು ಅಂತ ನಿಯಮ ಮಾಡಿದ್ದು ಇನ್ನೊಬ್ಬರು. ಆಗ ಬೇಲಿ ಯಾರದು?"

ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಆಗ ಅದು ಬೇಲೀನಾ, ಕಾಂಪೌಂಡ್ ಗೋಡೇನಾ ಅಂತ ಒಳಗಿರೋರು ಕೇಳ್ಕೊಬೇಕು," ಅಂದರು.

ಮರಿ ಎನ್ನುವುದು ಮನೆಯ ಹೆಸರು. ಮೂವತ್ತು ದಾಟಿದರೂ ಮರಿ ಮರಿಯಾಗಿಯೇ ಉಳಿದಿದ್ದಳು. ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದ ದಿನ ಅಮ್ಮ ಜೊತೆಗೆ ಹೋಗಿ, "ಮರೀನ ಸ್ವಲ್ಪ ನೋಡ್ಕೊಳ್ಳಿ," ಎಂದದ್ದೇ ಅಲ್ಲಿಯೂ ಅದೇ ಹೆಸರು ಅಂಟಿಕೊಂಡಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ದುಂಡಗೆ ಬರುವ ಲೆನ್ಸನ್ನು ಫ್ರೇಮಿನ ಆಕಾರಕ್ಕೆ ತರಬೇಕು. ಮುಚ್ಚಳವಿರುವ ದೊಡ್ಡ ಮಿಷನ್ ಮುಕ್ಕಾಲು ಕೆಲಸ ಮಾಡುತ್ತದೆ. ಉಳಿದ ಅಂಚನ್ನು ತಿರುಗುವ ಕಲ್ಲಿನ ಚಕ್ರಕ್ಕೆ ಕೈಯಲ್ಲೇ ಹಿಡಿದು ನಯ ಮಾಡಬೇಕು. ಅವಳು ಕೂರಿಸಿದ ಲೆನ್ಸು ಅಲುಗಾಡಿದ್ದಿಲ್ಲ. ಆದರೆ ಮಾಲೀಕರಿಗೆ ಒಂದೇ ಕೊರಗು. "ಕೈ ಚೆನ್ನಾಗಿದೆ, ಬಾಯಿ ಸತ್ತಿದೆ," ಅನ್ನುತ್ತಿದ್ದರು. ಅವಳನ್ನು ಕೌಂಟರಿಗೂ ತರೋಣ ಎಂಬ ಆಸೆಯಿಂದ ಅವರೇ ಈ ಕೋರ್ಸಿಗೆ ಸೇರಿಸಿದ್ದರು.

ಅವಳ ಬಾಯಿ ಸತ್ತಿರಲಿಲ್ಲ. ಅದಕ್ಕೆ ಬೀಗ ಬಿದ್ದಿತ್ತು, ಅಷ್ಟೆ.

ಹದಿಮೂರನೇ ವಯಸ್ಸಿನಲ್ಲಿ ಶಾಲೆಯ ಮೆಟ್ಟಿಲ ಮೇಲೆ ಅವಳಿಗೆ ಮೊದಲ ಸಲ ಫಿಟ್ಸು ಬಂದಿತ್ತು. ಕಣ್ಣು ಬಿಟ್ಟಾಗ ಅಮ್ಮ ಆಗಲೇ ಟೀಚರಿಗೆ ಹೇಳುತ್ತಿದ್ದಳು, "ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಅದಕ್ಕೆ ತಲೆಸುತ್ತು." ಅಂದಿನಿಂದ ಅದಕ್ಕೆ ತಲೆಸುತ್ತು ಎಂದೇ ಹೆಸರಾಯಿತು. ಫಿಟ್ಸು ಎಂಬ ಮಾತು ಆ ಮನೆಯಲ್ಲಿ ಕೆಟ್ಟ ಬೈಗುಳಕ್ಕಿಂತ ಕಡೆ. ಮಾತ್ರೆಗಳು ವಿಟಮಿನ್ ಡಬ್ಬಿಯಲ್ಲಿರುತ್ತಿದ್ದವು. ಒಮ್ಮೆ ಪಕ್ಕದ ಮನೆಯವರ ಕಣ್ಣೆದುರೇ ಬಿದ್ದಳು ಎಂದು ಅಮ್ಮ ಮನೆಯನ್ನೇ ಬದಲಾಯಿಸಿದಳು. ಡಾಕ್ಟರ ಹತ್ತಿರ ಹೋದರೂ ಕುರ್ಚಿಯಲ್ಲಿ ಮರಿ, ಮಾತೆಲ್ಲ ಅಮ್ಮನದು. "ಈಗ ಹೇಗಿದ್ದೀಯಮ್ಮ?" ಎಂದು ಅವರು ಕೇಳಿದರೆ, "ಚೆನ್ನಾಗಿದ್ದಾಳೆ," ಎಂದು ಉತ್ತರ ಪಕ್ಕದಿಂದ ಬರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆಯಲ್ಲೇ ಕಿಟಕಿ ಪರದೆ ಹೊಲಿದು ಮಗಳನ್ನು ಸಾಕಿದವಳು. ತನ್ನ ಊಟ ಬಿಟ್ಟಾಳು, ಮಗಳ ಮಾತ್ರೆ ತಪ್ಪಿಸಿದವಳಲ್ಲ. ಆ ಪ್ರೀತಿಗೆ ಎದುರಾಡುವುದು ಹೇಗೆ ಎಂಬುದು ಮರಿಗೆ ಗೊತ್ತಿರಲಿಲ್ಲ.

ವರ್ಷ ಕಳೆದಂತೆ ದೊಡ್ಡ ಫಿಟ್ಸು ಅಪರೂಪವಾಯಿತು. ಉಳಿದದ್ದು ಚಿಕ್ಕವು. ಕೂತಲ್ಲೇ ಒಂದರೆಗಳಿಗೆ ಅವಳು ಇಲ್ಲವಾಗುತ್ತಿದ್ದಳು. ಕಣ್ಣು ತೆರೆದೇ ಇರುತ್ತಿತ್ತು, ಆದರೆ ಒಳಗೆ ಯಾರೂ ಇರುತ್ತಿರಲಿಲ್ಲ. ನೋಡಿದವರು ಕನಸು ಕಾಣುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಗಮನವಿಲ್ಲದವಳು, ಮೈಗಳ್ಳಿ, ಮೋಡದಲ್ಲಿ ತೇಲುವವಳು ಎಂಬ ಬಿರುದುಗಳನ್ನೆಲ್ಲ ಅವಳು ತಲೆಬಾಗಿಸಿ ಹೊತ್ತುಕೊಂಡಿದ್ದಳು. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಕರವಸ್ತ್ರದ ಪಾಠವಾದ ಮುಂದಿನ ವಾರ ಅಂಗಡಿಯಲ್ಲಿ ಅದು ನಡೆಯಿತು. ಓದುವುದಕ್ಕೂ ದೂರ ನೋಡುವುದಕ್ಕೂ ಒಂದೇ ಆಗುವ ದುಬಾರಿ ಲೆನ್ಸು. ಮರಿ ಅದನ್ನು ಚಕ್ರಕ್ಕೆ ಹಿಡಿದಿದ್ದಳು. ಮತ್ತೆ ಅರಿವು ಬಂದಾಗ ಚಕ್ರ ಲೆನ್ಸಿನ ಒಂದು ಕಡೆಯನ್ನು ತಿಂದುಹಾಕಿತ್ತು, ಅವಳ ಹೆಬ್ಬೆರಳ ಉಗುರಿನ ತುದಿಯನ್ನೂ ಸವರಿತ್ತು. ಇನ್ನೊಂದು ಚಣವಾಗಿದ್ದರೆ ಬೆರಳೇ.

ಸದ್ದು ಕೇಳಿ ಮಾಲೀಕರು ಒಳಗೆ ಬಂದರು. "ಮತ್ತೆ ಕನಸಾ? ಯಾವ ಲೋಕದಲ್ಲಿರ್ತೀಯಮ್ಮ ನೀನು? ಗಿರಾಕಿ ಸಂಜೆ ಬರ್ತಾರೆ, ನಾನೇನು ಹೇಳ್ಲಿ?"

ಮರಿ ಬಾಯಿಯವರೆಗೆ ಬಂದ "ತಪ್ಪಾಯ್ತು ಸರ್" ಎಂಬ ಮಾತನ್ನು ಅಲ್ಲೇ ತಡೆದಳು. ಸವೆದ ಉಗುರನ್ನು ನೋಡಿದಳು. ಮಿಷನ್ ನಿಲ್ಲಿಸಿದಳು.

"ಕನಸಲ್ಲ ಸರ್. ನನಗೆ ಫಿಟ್ಸಿದೆ."

ಆ ಮಾತನ್ನು ಅವಳು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಆಕಾಶ ಬೀಳಲಿಲ್ಲ. ಮಾಲೀಕರು ಮಾತ್ರ ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ಫಿಟ್ಸು ಅಂದ್ರೆ... ನೊರೆ ಗಿರೆ ಎಲ್ಲಾ ಬಂದು..."

"ಒಮ್ಮೊಮ್ಮೆ ಹಾಗೂ ಆಗುತ್ತೆ. ಈಗ ಆಗಿದ್ದು ಚಿಕ್ಕದು. ಈ ಚಕ್ರದ ಮುಂದೆ ಇನ್ನು ಕೂರಲ್ಲ. ಮುಚ್ಚಿದ ಮಿಷನ್ ಕೆಲಸ ಮಾಡ್ತೀನಿ, ಫಿಟಿಂಗ್ ಮಾಡ್ತೀನಿ. ಲೆನ್ಸು ಹಾಳಾಗಿದ್ದಕ್ಕೆ ಕಾರಣ ಇದು, ನಾನು ಮೈಗಳ್ಳಿ ಅಂತ ಅಲ್ಲ. ನಿಮಗೆ ಗೊತ್ತಿರಬೇಕು ಅಂತ ಹೇಳಿದೆ. ಉಳಿದವರಿಗೆ ಯಾವಾಗ ಹೇಳಬೇಕು ಅಂತ ನಾನೇ ನೋಡ್ಕೊಳ್ತೀನಿ."

"ಆಯ್ತು, ಆಯ್ತು, ಮನೆಗೆ ಹೋಗಿ ರೆಸ್ಟ್ ತಗೋ," ಎಂದರು ಮಾಲೀಕರು, ಬೆದರಿದವರ ಹಾಗೆ.

ಅವಳು ಕೈತೊಳೆದು ಚೀಲ ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ವಿಷಯ ಕೌಂಟರ್ ದಾಟಿ, ಕಣ್ಣು ಪರೀಕ್ಷೆಯ ಕೋಣೆ ಹೊಕ್ಕು, ಬಾಗಿಲ ಕಾವಲುಗಾರನವರೆಗೆ ಮುಟ್ಟಿತ್ತು. ಕೌಂಟರಿನ ಹುಡುಗಿ, "ಅಯ್ಯೋ ಮರಿ, ಒಂದು ಮಾತು ಹೇಳಬಾರದಾ?" ಎಂದು ಕಣ್ಣು ತೇವ ಮಾಡಿಕೊಂಡಳು. ಕಾವಲುಗಾರ ಬಾಗಿಲನ್ನು ಗಾಜಿನ ಸಾಮಾನು ಹೊರಗೆ ಸಾಗಿಸುವಾಗ ತೆರೆಯುವಷ್ಟು ಜೋಪಾನವಾಗಿ ತೆರೆದ.

ಮರಿ ಹೊಸಿಲಿನಿಂದ ತಿರುಗಿ ಒಳಗೆ ಬಂದಳು.

"ಸರ್, ನಿಮಗೆ ಹೇಳಿದ್ದು ನಾನು. ಇವರಿಗೆಲ್ಲ ಹೇಳಿ ಅಂತ ನಿಮಗೆ ಹೇಳಿದ್ದು ಯಾರು?"

ಮಾಲೀಕರು ಕನ್ನಡಕ ಒರೆಸುವ ಬಟ್ಟೆಯಿಂದ ಕೈ ಒರೆಸಿಕೊಂಡರು. "ಅಲ್ಲಮ್ಮ, ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದಕ್ಕೆ ಅಂತ ಹೇಳೋರು ಆಗಲೇ ಮನೇಲಿ ಒಬ್ಬರಿದ್ದಾರೆ ಸರ್. ಒಬ್ಬರು ಸಾಕು." ಅಷ್ಟು ಹೇಳಿ ಹೊರಟಳು. ಬೀದಿಗೆ ಬಂದ ಮೇಲೆ ಬಸ್ ನಿಲ್ದಾಣದ ಕಂಬ ಹಿಡಿದು ನಿಂತಳು. ತನ್ನೊಳಗೆ ಹೆದರಿಕೆಯೆಷ್ಟು, ಖುಷಿಯೆಷ್ಟು ಎಂದು ಅವಳಿಗೇ ಬಿಡಿಸಲಾಗಲಿಲ್ಲ.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಗಳು ಹೇಳಿದ್ದನ್ನು ಕೇಳಿ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

"ಬಾಯಿ ಬಿಟ್ಟೆಯಾ? ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದೆನಲ್ಲೇ, ಒಂದು ನಿಮಿಷದಲ್ಲಿ ಎಲ್ಲಾ ಮಣ್ಣುಪಾಲು ಮಾಡಿದೆಯಲ್ಲ!"

"ನನ್ನ ವಿಷಯ ಅಮ್ಮ. ನಾನೇ ಹೇಳಿದೆ."

"ನಿನ್ನ ವಿಷಯವಂತೆ! ಹೆತ್ತಿದ್ದು ನಾನು, ಹಾಸಿಗೆ ಪಕ್ಕ ಕೂತಿದ್ದು ನಾನು. ಆ ಸಂಜೆ ಕಾಲೇಜಿನೋರು ತಲೆಗೆ ಏನು ತುಂಬಿದ್ದಾರೋ."

ಮರಿ ಕೈಕಾಲು ತೊಳೆಯಲು ಒಳಗೆ ಹೋದಳು. ಅಮ್ಮ ತಣ್ಣಗಾಗುತ್ತಾಳೆ ಎಂದುಕೊಂಡಳು. ಅಲ್ಲಿ ಅವಳ ಲೆಕ್ಕ ತಪ್ಪಿತು.

ಮರುದಿನ ಅಂಗಡಿಗೆ ಹೋದಾಗ ಮಾಲೀಕರು ಹಲ್ಲು ಬಿಟ್ಟು ಎದುರುಗೊಂಡರು. "ಎಂಥ ಹುಡುಗಿಯಮ್ಮ ನೀನು! ಎದೆ ಒಡೆಸಿಬಿಟ್ಟಿದ್ದೆ. ಬೆಳಿಗ್ಗೆ ನಿಮ್ಮಮ್ಮ ಬಂದಿದ್ದರು. ಬರೀ ತಲೆಸುತ್ತಂತೆ, ಸಿನಿಮಾ ನೋಡಿ ನೋಡಿ ಏನೇನೋ ಕಲ್ಪಿಸ್ಕೊಳ್ತಾಳೆ ಅಂದರು. ಲೆನ್ಸು ಹಾಳು ಮಾಡಿದ್ದಕ್ಕೆ ನೆಪ ಹುಡುಕ್ಬೇಡ, ಹೋಗಲಿ ಬಿಡು. ಹೊಟ್ಟೆಗೆ ಹಾಕ್ಕೊಂಡಿದ್ದೀನಿ. ಹೋಗು, ಚಕ್ರದ ಹತ್ತಿರ ಕೆಲಸ ಬಿದ್ದಿದೆ."

ಮರಿಗೆ ಕಿವಿಯಲ್ಲಿ ಗುಂಯ್ ಎಂದಿತು. ಇಷ್ಟು ದಿನ ಕಾಯಿಲೆಯನ್ನು ಮುಚ್ಚಿಡುವುದಷ್ಟೇ ಅವಳ ಪಾಡಾಗಿತ್ತು. ಈಗ ಕಾಯಿಲೆಯೂ ಕೈತಪ್ಪಿ ಹೋಗಿ, ಸುಳ್ಳಿ ಎಂಬ ಹೆಸರೊಂದು ಉಳಿಯಿತು. ಕೌಂಟರಿನ ಹುಡುಗಿ ಮುಖ ತಿರುಗಿಸಿದಳು. ನಿನ್ನೆ ಸುರಿಸಿದ ಕಣ್ಣೀರು ದಂಡವಾಯಿತು ಎಂಬ ಸಿಟ್ಟು ಅವಳಿಗೆ.

"ಚಕ್ರ ಮುಟ್ಟಲ್ಲ ಸರ್," ಎಂದು ಮರಿ ಮಧ್ಯಾಹ್ನ ರಜೆ ಹಾಕಿ ನೇರ ಡಾಕ್ಟರ ಹತ್ತಿರ ಹೋದಳು. ಪಕ್ಕದ ಕುರ್ಚಿ ಮೊದಲ ಸಲ ಖಾಲಿ ಇತ್ತು.

"ಅಮ್ಮ ಎಲ್ಲಿ?" ಅಂದರು ಡಾಕ್ಟರ್.

"ಕಾಯಿಲೆ ನನ್ನದು. ನಾನೇ ಬಂದೆ."

ಅವರು ಪೆನ್ನು ಕೆಳಗಿಟ್ಟರು. ಅವಳು ಏನು ಕೆಲಸ ಮಾಡುತ್ತಾಳೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಹೊಲಿಗೆಗೆ ಸಹಾಯ ಮಾಡುತ್ತಾಳೆ ಎಂದು ಅಮ್ಮ ಹೇಳಿದ್ದಳು. ಚಿಕ್ಕ ಫಿಟ್ಸುಗಳ ಸುದ್ದಿಯೂ ಅವರವರೆಗೆ ಮುಟ್ಟಿರಲಿಲ್ಲ. ಅವರು ಮಾತ್ರೆಯ ಪ್ರಮಾಣ ಬದಲಾಯಿಸಿದರು. ತೆರೆದ ಚಕ್ರದ ಹತ್ತಿರ ಇವತ್ತಿನಿಂದಲೇ ಹೋಗಬಾರದು, ಮುಚ್ಚಿದ ಮಿಷನ್ ಪರವಾಗಿಲ್ಲ ಎಂದರು. ಜೊತೆಗೆ ಕೆಲಸ ಮಾಡುವವರಿಗೆ ತಿಳಿದಿದ್ದರೆ ಒಳ್ಳೆಯದು ಎಂದೂ ಸೇರಿಸಿದರು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಅಷ್ಟು ಮಾತಾಡಿದ್ದಿಲ್ಲ. ಹೊರಗೆ ಬಂದಾಗ ಗಂಟಲು ಒಣಗಿತ್ತು.

ಅಂಗಡಿಯಲ್ಲಿ ಅವಳು ಚಕ್ರ ಬಿಟ್ಟು ಉಳಿದ ಕೆಲಸವನ್ನಷ್ಟೇ ಮಾಡುತ್ತಿದ್ದಳು, ಮಾಲೀಕರು ಅದನ್ನೂ ನೆಪವೆಂದೇ ಎಣಿಸಿದ್ದರು. ಕೋರ್ಸಿನ ಕೊನೆಯ ದಿನ ಹತ್ತಿರ ಬಂದಿತ್ತು. ಅಂದು ಒಬ್ಬೊಬ್ಬರೂ ಒಂದು ಸಿನಿಮಾ ತುಣುಕು ತೋರಿಸಿ, ಕಲಿತ ಯಾವುದಾದರೂ ಸಿದ್ಧಾಂತವನ್ನು ವಿವರಿಸಬೇಕು. ಮನೆಯವರನ್ನೂ ಕೆಲಸದ ಕಡೆಯವರನ್ನೂ ಕರೆಯಬಹುದು. ಮರಿ ತನ್ನ ಯೋಚನೆಯನ್ನು ಮೊದಲೇ ಮೇಡಂಗೆ ತಿಳಿಸಿದಳು.

"ಒಂದು ಮಾತು," ಅಂದರು ಮೇಡಂ. "ಎಲ್ಲಾ ಬಿಚ್ಚಿಡಿ ಅಂತ ಸಿದ್ಧಾಂತ ಹೇಳಲ್ಲ. ಮುಚ್ಚಿಟ್ಕೊಳ್ಳೋದೂ ನಿಮ್ಮ ಹಕ್ಕೇ. ಒಂದು ಸಲ ಹೇಳಿದ ಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ. ನನ್ನ ಕ್ಲಾಸು ಚೆನ್ನಾಗಿ ಆಗಲಿ ಅಂತ ನೀವು ಹೇಳೋದೇನೂ ಬೇಡ."

"ಗೊತ್ತು ಮೇಡಂ. ನಾನು ಸುಳ್ಳಿ ಅಲ್ಲ ಅಂತ ಹೇಳೋಕೆ ನನಗೆ ಬೇರೆ ಜಾಗ ಇಲ್ಲ."

ಮಾಲೀಕರು ದುಡ್ಡು ಕಟ್ಟಿದವರು, ಕರೆಯದಿದ್ದರೂ ಬರುತ್ತಿದ್ದರು. ಅಮ್ಮನಿಗೆ ಮರಿ, "ಬಾ ಅಮ್ಮ, ನಾನು ಮಾತಾಡ್ತೀನಿ," ಎಂದಷ್ಟೇ ಹೇಳಿದಳು. ಏನು ಮಾತಾಡುತ್ತೀ ಎಂದು ಅಮ್ಮ ಕೇಳಿದಾಗ ಬಚ್ಚಿಡಲೂ ಇಲ್ಲ. "ನನ್ನ ಕಾಯಿಲೆ ಬಗ್ಗೆ." ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಇಸ್ತ್ರಿ ಮಾಡಿದ ಸೀರೆಯುಟ್ಟು ಮಗಳಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು. ತಡೆಯಲು ಬರುತ್ತಿದ್ದಾಳೆ ಎಂಬುದು ಮರಿಗೆ ತಿಳಿದಿತ್ತು.

ಕಂಡಕ್ಟರ್ ಬಸ್ಸಿನೊಳಗಿನ ಜಗಳವೊಂದರ ಹಾಸ್ಯ ದೃಶ್ಯ ತೋರಿಸಿ ಎಲ್ಲರನ್ನೂ ನಗಿಸಿ ಇಳಿದರು. ಆಮೇಲೆ ಮರಿಯ ಸರದಿ.

ಅವಳ ತುಣುಕು ತೀರಾ ಚಿಕ್ಕದು. ಆಸ್ಪತ್ರೆಯ ಕಾರಿಡಾರ್. ಬಾಗಿಲು ತೆರೆದು ಡಾಕ್ಟರ್ ಹೊರಗೆ ಬರುತ್ತಾರೆ, ಕನ್ನಡಕ ತೆಗೆಯುತ್ತಾರೆ, ತಲೆಯಾಡಿಸುತ್ತಾರೆ. ನಾಯಕಿಯ ಅಪ್ಪ ಗೋಡೆಗೆ ಒರಗುತ್ತಾರೆ. ನಾಯಕ ಗೋಡೆಗೆ ಗುದ್ದುತ್ತಾನೆ. ಗೆಳೆಯ ಬಾಯಿಗೆ ಕೈಯಿಡುತ್ತಾನೆ. ನೆಲ ಒರೆಸುತ್ತಿದ್ದವನೂ ಕೋಲು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾನೆ. "ಅವಳಿಗೆ ಮಾತ್ರ ಇದು ಗೊತ್ತಾಗಬಾರದು," ಎನ್ನುತ್ತಾರೆ ಅಪ್ಪ. ಎಲ್ಲರೂ ತಲೆಯಾಡಿಸುತ್ತಾರೆ.

ಮರಿ ಅಲ್ಲಿಗೆ ನಿಲ್ಲಿಸಿದಳು.

"ಕಾರಿಡಾರಲ್ಲಿ ಇಷ್ಟು ಜನ ಇದ್ದಾರೆ. ನೆಲ ಒರೆಸೋರಿಗೂ ಗೊತ್ತಾಯ್ತು. ಬಾಗಿಲ ಆಚೆ ಮಂಚದ ಮೇಲೆ ಒಬ್ಬಳು ಮಲಗಿದ್ದಾಳೆ. ವಿಷಯ ಅವಳದು. ಅವಳನ್ನ ಯಾರೂ ಒಂದು ಮಾತು ಕೇಳಲಿಲ್ಲ. ಇದನ್ನ ನಾವು ಪ್ರೀತಿ ಅಂತೀವಿ. ಪ್ರೀತೀನೇ, ನಾನು ಇಲ್ಲ ಅನ್ನಲ್ಲ. ಆದರೆ ಬೇಲಿ ಅವಳದು, ಕೀಲಿಕೈ ಇವರ ಜೇಬಲ್ಲಿ." ಅವಳು ಉಸಿರೆಳೆದುಕೊಂಡಳು. "ನಾನು ಈ ಮಂಚದ ಮೇಲೆ ಹದಿಮೂರನೇ ವಯಸ್ಸಿಂದ ಮಲಗಿದ್ದೀನಿ. ನನಗೆ..."

"ಮರೀ!" ಹಿಂದಿನ ಸಾಲಿನಿಂದ ಅಮ್ಮ ಎದ್ದು ನಿಂತಿದ್ದಳು. "ಸಾಕು. ಬಾ, ಮನೆಗೆ ಹೋಗೋಣ."

ಎಲ್ಲರ ತಲೆ ಹಿಂದಕ್ಕೆ ತಿರುಗಿತು. ಮೇಡಂ ಕುರ್ಚಿಯಿಂದ ಅರ್ಧ ಎದ್ದು, ಮರಿಯ ಮುಖ ನೋಡಿ, ಮತ್ತೆ ಕೂತರು.

"ನನಗೆ ಫಿಟ್ಸಿದೆ," ಅಂದಳು ಮರಿ. "ತಲೆಸುತ್ತಲ್ಲ. ಫಿಟ್ಸು."

"ಸುಳ್ಳು! ಅವಳಿಗೆ ಏನೂ ಇಲ್ಲ!"

"ನನ್ನ ಮೈಯಲ್ಲಿರೋದನ್ನ ಇಲ್ಲ ಅಂತ ನೀನು ಹೇಳ್ತೀಯಲ್ಲ ಅಮ್ಮ. ಅವತ್ತು ಅಂಗಡಿಗೆ ಹೋಗಿ ನನ್ನನ್ನ ಸುಳ್ಳಿ ಮಾಡಿದೆ. ಮತ್ತೆ ಆ ಚಕ್ರದ ಮುಂದೆ ಕೂರಿಸೋರಿದ್ದರು. ಬೆರಳು ಹೋಗಿದ್ದರೆ ಅದನ್ನೂ ತಲೆಸುತ್ತು ಅಂತಿದ್ದೆಯಾ?"

ಅಮ್ಮನ ಬಾಯಿಂದ ಬಂದ ದನಿ ಬೇರೆಯೇ ಆಗಿತ್ತು. ಮಗಳಿಗೂ ಪರಿಚಯವಿಲ್ಲದ ದನಿ.

"ನಿನಗೇನು ಗೊತ್ತು? ನಿನ್ನ ದೊಡ್ಡಮ್ಮಂಗೂ ಇದೇ ಇತ್ತು. ಗೊತ್ತಾಗಿದ್ದೇ ತಡ ಗಂಡ ತಂದು ಬಿಟ್ಟು ಹೋದ. ನಮ್ಮಪ್ಪ ಹಿಂದಿನ ಕೋಣೆಲಿ ಹಾಕಿ ಚಿಲಕ ಹಾಕಿದ್ರು. ಬಾಗಿಲ ಕೆಳಗಿಂದ ನಾನು ತಟ್ಟೆ ತಳ್ಳುತ್ತಿದ್ದೆ. ನಾನು! ನನ್ನ ಅಕ್ಕಂಗೆ! ಅವಳು ಅಲ್ಲೇ ಹೋದಳು. ಜ್ವರ ಬಂದು ಹೋದಳು ಅಂತ ಹೇಳಿದ್ವಿ. ನಿನಗೂ ಅದನ್ನೇ ಹೇಳಿದ್ದು."

ತಾನು ಏನು ಹೇಳಿಬಿಟ್ಟೆ ಎಂದು ಅಮ್ಮನಿಗೆ ಆಗ ಅರಿವಾಯಿತು. ಸೆರಗು ಬಾಯಿಗೆ ಹೋಯಿತು. ಅಷ್ಟು ಜನರ ಕಣ್ಣು ತನ್ನ ಮೇಲಿದ್ದದ್ದನ್ನು ನೋಡಿ ಅವಳು ಕುಗ್ಗಿಹೋದಳು.

ಮರಿಗೆ ಓಡಿಹೋಗಿ ಅಮ್ಮನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಅವಳು ತರಗತಿಯ ಕಡೆ ತಿರುಗಿದಳು.

"ಈಗ ನೀವು ಕೇಳಿದ್ದು ನನ್ನ ವಿಷಯ ಅಲ್ಲ. ನಮ್ಮಮ್ಮಂದು. ಅವಳು ಹೇಳಬೇಕು ಅಂತ ಹೇಳಿದ್ದಲ್ಲ, ಬಾಯಿ ತಪ್ಪಿ ಬಂತು. ಅದು ಈ ಬಾಗಿಲು ದಾಟಬಾರದು. ಕಂಡಕ್ಟರ್ ಸರ್, ಬಸ್ಸಲ್ಲಿ ಬೇಡ. ಸರ್, ಅಂಗಡೀಲಿ ಬೇಡ. ನನ್ನದು ಬೇಕಾದರೆ ಊರಿಗೆಲ್ಲ ಹೇಳಿ. ಅವಳದು ಬೇಡ. ಆಯ್ತಾ?"

"ಆಯ್ತಮ್ಮ," ಅಂದರು ಕಂಡಕ್ಟರ್. ಪಾರ್ಲರಿನ ವಾರಗಿತ್ತಿಯರು ಒಟ್ಟಿಗೇ ತಲೆಯಾಡಿಸಿದರು. ಮಾಲೀಕರೂ ಒಂದು ಕೈ ಎತ್ತಿದರು, ಶಾಲೆಯ ಹುಡುಗನ ಹಾಗೆ.

"ಅಮ್ಮ," ಅಂದಳು ಮರಿ, "ದೊಡ್ಡಮ್ಮಂಗೆ ಹಾಗಾಗಿದ್ದು ವಿಷಯ ಗೊತ್ತಾಗಿದ್ದರಿಂದ ಅಲ್ಲ. ಚಿಲಕ ಹಾಕಿದ್ದರಿಂದ. ನನ್ನನ್ನ ನೀನು ಇಟ್ಟಿರೋದೂ ಒಂದು ಕೋಣೆನೇ. ಕಿಟಕಿಗೆ ಒಳ್ಳೆ ಪರದೆ ಹಾಕಿದ್ದೀಯ, ಅಷ್ಟೆ. ನಾನು ಅಲ್ಲಿ ಇರಲ್ಲ."

ಅಮ್ಮ ಹೊರಗೆ ಹೋಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು. ನರ್ಸು ತನ್ನ ನೀರಿನ ಬಾಟಲಿಯನ್ನು ಅವಳ ಕೈಗಿಟ್ಟಳು.

ಮರಿ ಮುಂದುವರಿಸಿದಳು. ದನಿ ಒಂದೆರಡು ಕಡೆ ಒಡೆಯಿತು, ನಿಲ್ಲಿಸಲಿಲ್ಲ. ನಾನು ಬಿದ್ದರೆ ಹತ್ತಿರದ ಕುರ್ಚಿ ಮೇಜು ಸರಿಸಿ. ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ. ಒಂದು ಪಕ್ಕಕ್ಕೆ ಹೊರಳಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ ತುರುಕಬೇಡಿ, ನಾನೇನೂ ನಾಲಿಗೆ ನುಂಗಿಬಿಡಲ್ಲ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ದಾಟದಿದ್ದರೆ ಪಕ್ಕದಲ್ಲೇ ಕೂತಿರಿ. "ಎದ್ದ ಮೇಲೆ ಪಾಪ ಅನ್ನಬೇಡಿ. ನನಗೆ ಅದರಿಂದಲೇ ಜಾಸ್ತಿ ಸುಸ್ತಾಗೋದು."

ಯಾರೋ ನಕ್ಕರು. ಮರಿಯೂ ನಕ್ಕಳು.

ಮುಗಿದ ಮೇಲೆ ಮಾಲೀಕರು ಮೆಟ್ಟಿಲ ಹತ್ತಿರ ಅವಳನ್ನು ಹಿಡಿದರು. ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ನಾನು ಕೆಟ್ಟವನಲ್ಲ. ಆದರೆ ಅಂಗಡಿ ನಡೆಸಬೇಕು. ಹಿಂದಿನ ಕೋಣೆ ಅಪಾಯ. ಕೌಂಟರಲ್ಲಿ ಗಿರಾಕಿಗಳ ಮುಂದೆ ಬಿದ್ದರೆ... ಒಂದಷ್ಟು ದಿನ ಮನೇಲೇ ಇದ್ದು..."

"ಮನೇಲಿ ಇರಲ್ಲ ಸರ್. ಅಪಾಯ ಚಕ್ರ. ಚಕ್ರದ ಕೆಲಸ ಬೇರೆಯವರಿಗೆ ಕೊಡಿ. ಮುಚ್ಚಿದ ಮಿಷನ್, ಫಿಟಿಂಗ್, ಕೌಂಟರ್, ಮೂರೂ ನಾನು ಮಾಡ್ತೀನಿ. ಡಾಕ್ಟರನ್ನ ಕೇಳಬೇಕು ಅಂದರೆ ನಾನೇ ಕರ್ಕೊಂಡು ಹೋಗ್ತೀನಿ. ಗಿರಾಕಿಗಳ ಮುಂದೆ ಬಿದ್ದರೆ ಪಕ್ಕಕ್ಕೆ ಹೊರಳಿಸಿ. ಈಗ ತಾನೆ ಹೇಳಿಕೊಟ್ಟೆನಲ್ಲ?"

"ಮಾತು ಕಲಿಯೋಕೆ ಕಳಿಸಿದ್ದು ನಾನೇ," ಎಂದು ಮಾಲೀಕರು ಹಣೆ ಒತ್ತಿಕೊಂಡರು. "ಒಂದು ತಿಂಗಳು ನೋಡೋಣ."

"ನೋಡಿ ಸರ್. ನಾನೂ ನಿಮ್ಮನ್ನ ನೋಡ್ತೀನಿ."

ಅಂದು ತಾಯಿ ಮಗಳು ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಹೋದರು. ಹಲವು ದಿನ ಅಮ್ಮ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಬಾ. ಬಾಗಿಲು ಹಾಕ್ಕೊ. ಮರಿ ಮಾತ್ರೆಗಳನ್ನು ಅವುಗಳದೇ ಪೊಟ್ಟಣದಲ್ಲಿ ಅಡುಗೆಮನೆಯ ಕಪಾಟಿನ ಮುಂದೆ, ಯಾರ ಕಣ್ಣಿಗಾದರೂ ಬೀಳುವಂತೆ ಇಟ್ಟಳು. ಅಮ್ಮ ಎರಡು ಸಲ ಒಳಗೆ ತಳ್ಳಿದಳು. ಮರಿ ಎರಡು ಸಲವೂ ಮುಂದಕ್ಕೆ ತಂದಳು. ಮೂರನೆಯ ಸಲ ಅವು ಅಲ್ಲೇ ಉಳಿದವು. ಒಂದು ಸಂಜೆ ಅಮ್ಮ ಹೊಲಿಯುತ್ತಲೇ, ತಲೆಯೆತ್ತದೆ, ತನ್ನ ಅಕ್ಕ ಎಷ್ಟು ಚೆನ್ನಾಗಿ ಹಾಡುತ್ತಿದ್ದಳು ಎಂದು ಹೇಳಿದಳು. ಮರಿ ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟಳು. ಹೆಚ್ಚೇನೂ ಕೇಳಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಅಂಗಡಿಯಲ್ಲಿ ದೊಡ್ಡ ಫಿಟ್ಸೇ ಬಂತು. ಕೌಂಟರಿನಲ್ಲಿ ಒಬ್ಬ ಹೆಂಗಸಿಗೆ ಫ್ರೇಮು ತೋರಿಸುತ್ತಿದ್ದವಳು ಹಾಗೆಯೇ ಕುಸಿದಳು. ಕೌಂಟರಿನ ಹುಡುಗಿ ಕಿರುಚಿದಳು. ಕಿರುಚುತ್ತಲೇ, ಮರಿ ಮೊದಲೇ ಹೇಳಿಕೊಟ್ಟಿದ್ದಂತೆ, ಸ್ಟೂಲನ್ನು ಅತ್ತ ಒದ್ದಳು. ಮಾಲೀಕರು ತಮ್ಮ ಕೋಟು ಮಡಿಸಿ ತಲೆಯ ಕೆಳಗಿಟ್ಟು, ಪಕ್ಕಕ್ಕೆ ಹೊರಳಿಸಿ, ಗೋಡೆ ಗಡಿಯಾರವನ್ನೇ ದಿಟ್ಟಿಸುತ್ತ ಕೂತರು. ವಿಡಿಯೋ ಮಾಡಲು ಮೊಬೈಲೆತ್ತಿದ ಒಬ್ಬನನ್ನು ಕಾವಲುಗಾರ ರಟ್ಟೆ ಹಿಡಿದು ಹೊರಗೆ ಕಳಿಸಿದ. ಐದು ನಿಮಿಷ ಆಗಲಿಲ್ಲ. ಮೈ ಅದುರುವುದು ನಿಂತು, ಮರಿ ಗಾಢ ನಿದ್ದೆಗೆ ಜಾರಿದಳು. ಮಾಲೀಕರು ಅಮ್ಮನಿಗೆ ಫೋನ್ ಮಾಡಿದರು.

ಅಮ್ಮ ಆಟೋದಿಂದ ಇಳಿದು ಓಡಿ ಬಂದಳು. ಮಗಳ ಪಕ್ಕ ನೆಲದ ಮೇಲೆ ಕೂತು ಕೂದಲು ಸರಿಪಡಿಸಿದಳು. ಫ್ರೇಮು ನೋಡುತ್ತಿದ್ದ ಹೆಂಗಸು ಇನ್ನೂ ಹೋಗಿರಲಿಲ್ಲ. ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದಳು, "ಏನಾಯ್ತಮ್ಮ ಮಗಳಿಗೆ? ಏನು ಕಾಯಿಲೆ?"

ಅಮ್ಮನ ನಾಲಿಗೆಯ ತುದಿಯಲ್ಲಿ ಹಳೆಯ ಮಾತು ಬಂದು ನಿಂತಿದ್ದು ಮಾಲೀಕರಿಗೂ ಕಾಣಿಸಿತು. ಅವಳು ಅದನ್ನು ನುಂಗಿಕೊಂಡಳು.

"ಅವಳು ಏಳ್ತಾಳೆ," ಅಂದಳು. "ಅವಳನ್ನೇ ಕೇಳಿ."

ಮರಿ ಕಣ್ಣು ಬಿಟ್ಟಳು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ಉಪ್ಪುಪ್ಪಾಗಿತ್ತು. ಮೊದಲು ಅಮ್ಮ ಕಂಡಳು, ಆಮೇಲೆ ಮಾಲೀಕರ ಬೆವರಿದ ಹಣೆ, ಕೊನೆಗೆ ತನ್ನನ್ನೇ ನೋಡುತ್ತ ನಿಂತ ಗಿರಾಕಿ. ಒಂದೊಂದೇ ತುಂಡು ಜೋಡಿಸಿಕೊಂಡು, ಅಮ್ಮನ ಕೈ ಆಸರೆಯಲ್ಲಿ ಎದ್ದು ಕೂತಳು.

"ಫಿಟ್ಸು," ಅಂದಳು, ನಾಲಿಗೆ ತೊದಲುತ್ತಿದ್ದರೂ. "ನನಗೆ ಆಗಾಗ ಬರುತ್ತೆ, ಹೋಗುತ್ತೆ. ಆ ಕಂದು ಫ್ರೇಮು ನಿಮ್ಮ ಮುಖಕ್ಕೆ ಚೆನ್ನಾಗಿ ಒಪ್ಪುತ್ತೆ. ನಾಳೆ ಸಂಜೆ ರೆಡಿ ಮಾಡಿಕೊಡ್ತೀನಿ. ಇವತ್ತು ಮಾತ್ರ ಕೇಳಬೇಡಿ, ಸ್ವಲ್ಪ ಸುಸ್ತಾಗಿದೆ."